ಕೂಗಿದರೆ ಏಳುವ ಆಳು, ರಜಿಸ್ಟರ್ ನೋಡಿ ಏಳುವ ಆಳು

ಮಾರ್ಚ್ ತಿಂಗಳ ಕೊನೆ. ವಿಜಯಪುರದ ಹೊರಗೆ ಒಂದು ಕೋಲ್ಡ್ ಸ್ಟೋರೇಜ್. ನಮ್ಮ ಕಡೆ ಮಣೂಕ ಅಂತ ಕರೆಯುವ ಒಣದ್ರಾಕ್ಷಿಯ ಸೀಸನ್ ಜೋರಾಗಿತ್ತು. ತಿಕೋಟಾ, ಬಬಲೇಶ್ವರ ಕಡೆಯ ಗಾಡಿಗಳು ಗೇಟಿನ ಹೊರಗೆ ಸಾಲು ಹಿಡಿದಿದ್ದವು. ಹಿರಿಯ ರೈತರೊಬ್ಬರು ಕಿಡಕಿಯ ಹತ್ತಿರ ಬಂದು ಫೋನ್ ಮುಂದೆ ಹಿಡಿದರು.

“ಬಾಜೂ ಹೊಲದವಂಗ ಮೆಸೇಜ್ ಬಂದೈತ್ರಿ. ನಂಗ್ಯಾಕ ಬಂದಿಲ್ಲ? ನನ್ನ ಮಾಲ್ ಒಳಗ ಐತೋ ಇಲ್ಲೋ?”

ಮಾಲು ಒಳಗೇ ಇತ್ತು. ರಜಿಸ್ಟರ್‌ನಲ್ಲಿ ಹೆಸರೂ ಇತ್ತು, ಬಾಕ್ಸ್ ಲೆಕ್ಕವೂ ಸರಿ ಇತ್ತು. ಮೆಸೇಜ್ ಮಾತ್ರ ಹೋಗಿರಲಿಲ್ಲ. ಹುಡುಕಿದಾಗ ಅವರೊಬ್ಬರಿಗೇ ಅಲ್ಲ, ಆ ವಾರ ಇನ್ನೂ ಸುಮಾರು ಜನರಿಗೆ ಹೋಗಿಲ್ಲ ಅಂತ ಗೊತ್ತಾಯಿತು. ಮಾಲಿನ ಲೆಕ್ಕ ಬರೆದು ಮೆಸೇಜ್ ಕಳಿಸುವ ಆಪ್ ಕಟ್ಟಿಕೊಟ್ಟವನು ನಾನೇ. ತಪ್ಪು ಯಾರದು ಅಂತ ಬೇರೆ ಕಡೆ ಹುಡುಕುವ ಹಾಗಿರಲಿಲ್ಲ.

ಲೋ-ಕೋಡ್ ಆಪ್‌ನಲ್ಲಿ ಯಾವ ಕೆಲಸವನ್ನು ಯಾವುದು ಎಬ್ಬಿಸಬೇಕು ಅನ್ನುವುದು ಇಲ್ಲಿಯ ವಿಷಯ. ಆ ತಪ್ಪು ಎಲ್ಲಿತ್ತು ಅಂತ ತಿಳಿದರೆ ಅದರ ಅರ್ಧ ತಿಳಿದ ಹಾಗೆ. ಅದಕ್ಕೆ ಅಲ್ಲಿಂದಲೇ ಹಿಡಿದು ಹೇಳುತ್ತೇನೆ.

ಲೋ-ಕೋಡ್ ಆಪ್ ಅಂದರೆ ಪುಟಗಟ್ಟಲೆ ಪ್ರೋಗ್ರಾಂ ಬರೆಯದೆ ಮಾಡುವ ಆಪ್. ಫಾರ್ಮ್, ಪಟ್ಟಿ, ಬಟನ್‌ಗಳನ್ನು ಪರದೆಯ ಮೇಲೆ ಎಳೆದು ಕೂರಿಸಿ, ಎಕ್ಸೆಲ್‌ನಂಥ ಸೂತ್ರ ಬರೆದರೆ ಆಯಿತು. ನಾನು ಬಳಸಿದ್ದು ಮೈಕ್ರೋಸಾಫ್ಟ್‌ನ ಪವರ್ ಆಪ್ಸ್. ಮಾಹಿತಿ ಇರುವುದು ಶೇರ್‌ಪಾಯಿಂಟ್ ಲಿಸ್ಟ್‌ನಲ್ಲಿ. ಅದು ನಮ್ಮ ಹಳೇ ಉದ್ದ ರಜಿಸ್ಟರ್ ಇದ್ದ ಹಾಗೆ. ಒಂದು ಗಾಡಿ ಬಂದರೆ ಒಂದು ಸಾಲು. ಮೆಸೇಜ್ ಕಳಿಸುವುದು, ಪಾವತಿ (ನಮ್ಮ ಕಡೆ ರಸೀದಿಗೆ ಹೀಗೇ ಅನ್ನುವುದು) ತಯಾರಿಸುವುದು, ಸಾವಕಾರರ, ಅಂದರೆ ಕೋಲ್ಡ್ ಸ್ಟೋರೇಜ್ ಯಜಮಾನರ, ಒಪ್ಪಿಗೆ ಕೇಳುವುದು ಇವೆಲ್ಲ ಪವರ್ ಆಟೊಮೇಟ್‌ನ ಕೆಲಸ. 2019ರ ನವೆಂಬರ್‌ವರೆಗೆ ಅದರ ಹೆಸರು ಮೈಕ್ರೋಸಾಫ್ಟ್ ಫ್ಲೋ ಅಂತಿತ್ತು. ಅದರೊಳಗಿನ ಒಂದೊಂದು ಕೆಲಸದ ಸರಣಿಗೆ ಈಗಲೂ ಫ್ಲೋ ಅಂತಲೇ ಹೆಸರು.

ಬಟನ್ ಒತ್ತಿದಾಗ ಆಪೇ ಎಲ್ಲ ಮಾಡಿಬಿಡಬಹುದಲ್ವಾ, ಫ್ಲೋ ಯಾಕೆ ಬೇಕು ಅಂತ ಕೇಳಬಹುದು. ಆಪ್ ಬದುಕಿರುವುದು ಫೋನಿನ ಪರದೆಯ ಮೇಲೆ. ಗೇಟಿನ ಹುಡುಗ ಫೋನ್ ಜೇಬಿಗೆ ಹಾಕಿದರೆ, ಚಾರ್ಜ್ ಮುಗಿದರೆ ಅದರ ಕೆಲಸ ಅಲ್ಲಿಗೇ ನಿಂತಿತು. ಫ್ಲೋ ಓಡುವುದು ಮೈಕ್ರೋಸಾಫ್ಟ್‌ನ ಸರ್ವರ್‌ನಲ್ಲಿ. ಒಮ್ಮೆ ಶುರುವಾದರೆ ಫೋನ್ ಇದ್ದರೂ ಇಲ್ಲದಿದ್ದರೂ ಅದು ತನ್ನ ಪಾಡಿಗೆ ತಾನು ಮುಗಿಸುತ್ತದೆ. ಗಂಟೆಗಟ್ಟಲೆ, ದಿನಗಟ್ಟಲೆ ಕಾಯಲೂ ಅದಕ್ಕೆ ಬರುತ್ತದೆ.

ಆದರೆ ಫ್ಲೋ ತಾನಾಗಿ ಏಳುವುದಿಲ್ಲ. ಅದನ್ನು ಯಾವುದೋ ಒಂದು ಎಬ್ಬಿಸಬೇಕು. ಹಾಗೆ ಎಬ್ಬಿಸುವುದಕ್ಕೆ ಟ್ರಿಗರ್ ಅಂತಾರೆ.

ಇದನ್ನು ಆ ಕೋಲ್ಡ್ ಸ್ಟೋರೇಜ್‌ನ ಆಳುಗಳನ್ನೇ ಇಟ್ಟು ಹೇಳಬಹುದು. ಅಲ್ಲಿ ಮೂರು ತರಹದವರಿದ್ದಾರೆ. ಒಬ್ಬ ಹಮಾಲ ಗೋಡೆಗೆ ಒರಗಿ ಕೂತಿರುತ್ತಾನೆ. ಕಿಡಕಿಯಿಂದ ಲೆಕ್ಕ ಬರೆಯುವ ದಿವಾಣಜಿ ಕೂಗಿದರೆ ಏಳುತ್ತಾನೆ. ಇನ್ನೊಬ್ಬ ಯಾರೂ ಕೂಗದಿದ್ದರೂ ಆಗಾಗ ಬಂದು ರಜಿಸ್ಟರ್ ಇಣುಕುತ್ತಾನೆ; ಹೊಸ ಸಾಲು ಕಂಡರೆ ಕೆಲಸಕ್ಕೆ ಹೊರಡುತ್ತಾನೆ. ಮೂರನೆಯವನು ಗಡಿಯಾರ ನೋಡುವ ವಾಚ್‌ಮನ್. ರಾತ್ರಿ ಒಂಬತ್ತಾದರೆ ಬೀಗ ಹಾಕುತ್ತಾನೆ. ಫ್ಲೋಗಳೂ ಹೀಗೇ: ಬಟನ್‌ನಿಂದ ಏಳುವವು, ಮಾಹಿತಿ ಬದಲಾದರೆ ಏಳುವವು, ಹೊತ್ತಿಗೆ ಸರಿಯಾಗಿ ಏಳುವವು. ಮೂರನೆಯದರಲ್ಲಿ ಹೇಳುವಂಥ ತೊಡಕು ಜಾಸ್ತಿ ಇಲ್ಲ. ದಿನದ ಕೊನೆಗೆ ಸಾವಕಾರರಿಗೆ ಒಟ್ಟು ಬಾಕ್ಸ್ ಲೆಕ್ಕ ಕಳಿಸಲು ಅದು ಸಾಕು. ಜಗಳ ಇರುವುದು ಮೊದಲ ಎರಡರ ನಡುವೆ.

ನಾನು ಮೆಸೇಜ್ ಕೆಲಸವನ್ನು ಕೂಗಿದರೆ ಏಳುವವನಿಗೆ ಕೊಟ್ಟಿದ್ದೆ. ಗೇಟಿನ ಹುಡುಗ ಫಾರ್ಮ್ ತುಂಬಿ ‘ಸೇವ್’ ಒತ್ತಿದರೆ ಆಪ್ ಸಾಲು ಬರೆಯುತ್ತಿತ್ತು, ನಂತರ ಫ್ಲೋವನ್ನು ಕರೆಯುತ್ತಿತ್ತು. ಹೊಸದಾಗಿ ಕಲಿಯುವವರೆಲ್ಲ ಮಾಡುವುದು ಇದನ್ನೇ, ಯಾಕೆಂದರೆ ಕಣ್ಣಿಗೆ ಕಾಣುತ್ತದೆ. ಬಟನ್ ಒತ್ತಿದೆ, ಮೆಸೇಜ್ ಬಂತು. ಖುಷಿ.

ನನಗೆ ಗೊತ್ತಿಲ್ಲದ್ದು ಒಂದಿತ್ತು. ಗದ್ದಲ ಜಾಸ್ತಿಯಾದ ದಿನ ಗೇಟಿನವರು ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದರು. ಶನಿವಾರ ಸಂಜೆ ದಿವಾಣಜಿ ಅದನ್ನೆಲ್ಲ ಎಕ್ಸೆಲ್‌ಗೆ ಹಾಕಿ, ಅಲ್ಲಿಂದ ನಕಲು ಮಾಡಿ, ನೇರವಾಗಿ ಲಿಸ್ಟ್‌ಗೆ ಅಂಟಿಸುತ್ತಿದ್ದರು. ಶೇರ್‌ಪಾಯಿಂಟ್‌ನಲ್ಲಿ ಇದು ಸಲೀಸು. ಸಾಲುಗಳು ಬಂದವು, ಲೆಕ್ಕ ಕೂಡಿತು. ಆದರೆ ಆಪ್‌ನ ಬಟನ್ ಯಾರೂ ಒತ್ತಲಿಲ್ಲ. ಯಾರೂ ಕೂಗಲಿಲ್ಲ, ಹಮಾಲ ಏಳಲಿಲ್ಲ. ಅವನದೇನು ತಪ್ಪು?

ಅವತ್ತಿನಿಂದ ನಾನು ಹೊಸ ಫ್ಲೋ ಶುರು ಮಾಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಕೆಲಸ ಆಗಬೇಕಾದ್ದು ಯಾರೋ ಕೇಳಿದರು ಅಂತಲೋ, ರಜಿಸ್ಟರ್‌ನಲ್ಲಿ ಸಾಲು ಬಂತು ಅಂತಲೋ? ರೈತರಿಗೆ ಮೆಸೇಜ್ ಹೋಗಬೇಕಾದ್ದು ಅವರ ಮಾಲು ಒಳಗೆ ಬಂತು ಅನ್ನುವ ಕಾರಣಕ್ಕೆ. ಆ ಸಾಲನ್ನು ಆಪ್ ಬರೆಯಲಿ, ದಿವಾಣಜಿ ಅಂಟಿಸಲಿ, ನಾಳೆ ತೂಕದ ಕಾಟಾದ ಕಂಪ್ಯೂಟರೇ ತಂದು ಹಾಕಲಿ, ಮೆಸೇಜ್ ಹೋಗಲೇಬೇಕು. ಅಂದರೆ ಅದು ರಜಿಸ್ಟರ್ ನೋಡುವವನ ಕೆಲಸ.

ಹಾಗಾಗಿ ಮೆಸೇಜ್ ಫ್ಲೋವನ್ನು ಬಟನ್‌ನಿಂದ ಬಿಡಿಸಿ ಲಿಸ್ಟ್‌ಗೆ ಕಟ್ಟಿದೆ. ತೂಕ ಮಾಡುವಾಗ ಬಾಕ್ಸ್ ಸಂಖ್ಯೆ ತಿದ್ದುವುದೂ ಇರುತ್ತದಲ್ಲ, ಆಗಲೂ ರೈತರಿಗೆ ತಿಳಿಯಲಿ ಅಂತ ‘ಸಾಲು ಹೊಸದಾಗಿ ಬಂದಾಗ ಅಥವಾ ತಿದ್ದಿದಾಗ’ ಅನ್ನುವ ಟ್ರಿಗರ್ ಆರಿಸಿದೆ. ಮೆಸೇಜ್ ಹೋದ ಮೇಲೆ ಅದೇ ಸಾಲಿನಲ್ಲಿ ‘ತಿಳಿಸಿದೆ’ ಅಂತ ಗುರುತು ಹಾಕಲು ಹೇಳಿದೆ. ಬಹಳ ಶಿಸ್ತಿನ ಕೆಲಸ ಅಂದುಕೊಂಡೆ.

ಅರ್ಧ ತಾಸಿನಲ್ಲಿ ಒಬ್ಬರೇ ರೈತರಿಗೆ ಹನ್ನೊಂದು ಮೆಸೇಜ್ ಹೋದವು. ಅವರೇ ಫೋನ್ ಮಾಡಿದರು: “ನಾ 40 ಬಾಕ್ಸ್ ಇಟ್ಟಿದ್ದೆ ನೋಡ್ರಿ. ಹಿಂಗ ಆದ್ರ 440 ಆಗ್ಯಾವೇನ್ರಿ?”

ಆದದ್ದು ಇಷ್ಟು. ಸಾಲು ಬಂತು, ಫ್ಲೋ ಎದ್ದಿತು, ಮೆಸೇಜ್ ಕಳಿಸಿತು, ಗುರುತು ಹಾಕಿತು. ಗುರುತು ಹಾಕುವುದೂ ಒಂದು ತಿದ್ದುಪಡಿಯೇ. ಸಾಲು ತಿದ್ದಿದ್ದು ಕಂಡು ಫ್ಲೋ ಮತ್ತೆ ಎದ್ದಿತು. ಮತ್ತೆ ಮೆಸೇಜ್, ಮತ್ತೆ ಗುರುತು. ಗಾಣದ ಎತ್ತು ತಿರುಗಿದ ಹಾಗೆ, ನಾನು ಫ್ಲೋ ಬಂದ್ ಮಾಡುವವರೆಗೆ.

ಇದಕ್ಕೆ ಮದ್ದು ಟ್ರಿಗರ್‌ಗೆ ಹಾಕುವ ಷರತ್ತು. ಫ್ಲೋ ಏಳುವ ಮೊದಲೇ ಆ ಷರತ್ತನ್ನು ನೋಡಲಾಗುತ್ತದೆ. ಸರಿಹೋಗದಿದ್ದರೆ ಅದು ಏಳುವುದೇ ಇಲ್ಲ. ‘ತಿಳಿಸಿದೆ ಅನ್ನುವ ಗುರುತು ಇಲ್ಲದಿದ್ದರೆ ಮಾತ್ರ’ ಅಂತ ಷರತ್ತು ಹಾಕಿದರೆ ಸುತ್ತು ನಿಲ್ಲುತ್ತದೆ. ಆದರೆ ಆಮೇಲೆ ಬಾಕ್ಸ್ ಸಂಖ್ಯೆ ತಿದ್ದಿದರೆ? ಗುರುತು ಮೊದಲೇ ಇದೆ, ಹೊಸ ಮೆಸೇಜ್ ಹೋಗುವುದಿಲ್ಲ. ಅದಕ್ಕೆ ಗುರುತನ್ನು ತೆಗೆದು, ‘ಕೊನೆಗೆ ತಿಳಿಸಿದ ಬಾಕ್ಸ್’ ಅಂತ ಒಂದು ಕಾಲಂ ಮಾಡಿದೆ. ಈಗಿನ ಬಾಕ್ಸ್ ಸಂಖ್ಯೆಯೂ ಕೊನೆಗೆ ತಿಳಿಸಿದ ಸಂಖ್ಯೆಯೂ ಬೇರೆ ಬೇರೆ ಇದ್ದರೆ ಮಾತ್ರ ಏಳು ಅನ್ನುವುದು ಷರತ್ತು. ಹೊಸ ಸಾಲಿನಲ್ಲಿ ಆ ಕಾಲಂ ಖಾಲಿ, ಹಾಗಾಗಿ ಏಳುತ್ತದೆ. ಕಳಿಸಿದ ಮೇಲೆ ಎರಡೂ 40, ಸುಮ್ನೆ ಕೂರುತ್ತದೆ. ತೂಕದಲ್ಲಿ 38 ಅಂತ ತಿದ್ದಿದರೆ ಮತ್ತೆ ಏಳುತ್ತದೆ. ಯಾರು ತಿದ್ದಿದರು, ಎಲ್ಲಿಂದ ತಿದ್ದಿದರು ಅನ್ನುವ ಚಿಂತೆಯೇ ಇಲ್ಲ. ಈ ಆಪ್‌ನಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಈ ಒಂದು ಕಾಲಂ.

ಇದರಲ್ಲಿ ಒಂದು ಕೊರತೆಯೂ ಇದೆ. ರಜಿಸ್ಟರ್ ನೋಡುವವನು ಇಡೀ ಹೊತ್ತು ಅಲ್ಲೇ ನಿಂತಿರುವುದಿಲ್ಲ, ಆಗಾಗ ಬಂದು ಇಣುಕುತ್ತಾನೆ. ಹಾಗಾಗಿ ಸಾಲು ಬಂದ ಕೆಲವು ನಿಮಿಷದ ಮೇಲೆ ಮೆಸೇಜ್ ಹೋಗಬಹುದು. ಮೆಸೇಜ್‌ಗೆ ಅದು ನಡೆಯುತ್ತದೆ. ಇನ್ನು ವ್ಯವಹಾರದ ಎಸ್‌ಎಂಎಸ್ ಕಳಿಸುವವರಿಗೆ ಒಂದು ಮಾತು: ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದ ಪ್ರಕಾರ ಕಳಿಸುವವರ ಹೆಸರನ್ನೂ ಮೆಸೇಜಿನ ಮಾದರಿಯನ್ನೂ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಅನ್ನುವ ನೋಂದಣಿ ವ್ಯವಸ್ಥೆಯಲ್ಲಿ ಮೊದಲೇ ನೋಂದಾಯಿಸಬೇಕು. ಫ್ಲೋ ಎಷ್ಟೇ ಸರಿ ಇದ್ದರೂ ಮಾದರಿಯಲ್ಲಿ ಒಂದು ಪದ ಆಚೀಚೆ ಆದರೆ ಮೆಸೇಜ್ ದಾರಿಯಲ್ಲೇ ನಿಲ್ಲುತ್ತದೆ.

ಖರ್ಚಿನ ಲೆಕ್ಕವೂ ಇಲ್ಲೇ ಬದಲಾಗುತ್ತದೆ. ಫ್ಲೋವನ್ನು ಹೊರಗಿನ ಸೇವೆಗೆ ಜೋಡಿಸುವ ಕೊಂಡಿಗೆ ಕನೆಕ್ಟರ್ ಅಂತಾರೆ. ಎಸ್‌ಎಂಎಸ್ ಕಂಪನಿಯ ಸರ್ವರ್ ಜೊತೆ ಮಾತಾಡಲು ಎಚ್‌ಟಿಟಿಪಿ ಕನೆಕ್ಟರ್ ಬೇಕು, ಅದು ಪ್ರೀಮಿಯಂ, ಅಂದರೆ ಅದಕ್ಕೆ ಬೇರೆ ದುಡ್ಡು ಕೊಡಬೇಕು. ಬಟನ್‌ನಿಂದ ಓಡುವ ಫ್ಲೋದಲ್ಲಿ ಪ್ರೀಮಿಯಂ ಕನೆಕ್ಟರ್ ಇದ್ದರೆ ಬಟನ್ ಒತ್ತುವ ಪ್ರತಿಯೊಬ್ಬರಿಗೂ ಪ್ರೀಮಿಯಂ ಲೈಸೆನ್ಸ್ ಬೇಕಾಗುತ್ತದೆ. ತಾನಾಗಿ ಏಳುವ ಫ್ಲೋಗೆ ಲೆಕ್ಕಕ್ಕೆ ಬರುವುದು ಅದರ ಮಾಲೀಕರ, ಅಂದರೆ ಆ ಫ್ಲೋ ಯಾರ ಖಾತೆಯಲ್ಲಿದೆಯೋ ಅವರ, ಲೈಸೆನ್ಸ್. ಗೇಟಿನ ನಾಲ್ಕು ಹುಡುಗರ ಲೈಸೆನ್ಸ್ ಉಳಿದದ್ದನ್ನು ಸಾವಕಾರರಿಗೆ ಹೇಳಿದಾಗ, ಹನ್ನೊಂದು ಮೆಸೇಜಿನ ಸಿಟ್ಟು ಸ್ವಲ್ಪ ಇಳಿಯಿತು.

ಹಾಗಾದರೆ ಬಟನ್ ಬೇಡವೇ?

ಬೇಕು. ಕಿಡಕಿಯ ಮುಂದೆ ರೈತರು ಕೈ ಚಾಚಿ ನಿಂತಿರುತ್ತಾರಲ್ಲ, ಪಾವತಿಗೆ. ಅವರನ್ನು ‘ಕೆಲವು ನಿಮಿಷ ತಡೀರಿ, ರಜಿಸ್ಟರ್ ನೋಡುವವನು ಬರಲಿ’ ಅಂತ ನಿಲ್ಲಿಸಲು ಆಗುವುದಿಲ್ಲ. ಒಬ್ಬರು ಕೇಳಿದ್ದಾರೆ, ಉತ್ತರಕ್ಕೆ ಕಾಯುತ್ತಿದ್ದಾರೆ. ಇದು ಕೂಗುವ ಕೆಲಸವೇ.

‘ಪಾವತಿ’ ಬಟನ್ ಒತ್ತಿದರೆ ಆಪ್ ಫ್ಲೋವನ್ನು ಕರೆಯುತ್ತದೆ. ಫ್ಲೋ ಪಾವತಿಯ ಪಿಡಿಎಫ್ ಮಾಡಿ ಫೋಲ್ಡರ್‌ನಲ್ಲಿ ಇಟ್ಟು, ಅದರ ಲಿಂಕ್ ಅನ್ನು ಆಪ್‌ಗೆ ವಾಪಸ್ ಕೊಡುತ್ತದೆ. ಪ್ರಿಂಟ್ ಬರುತ್ತದೆ. ಕರೆಯುವಾಗ ಆಪ್ ಏನನ್ನು ಕೈಗೆ ಕೊಡಬೇಕು ಅನ್ನುವುದು ಮುಖ್ಯ. ನಾನು ಮೊದಲು ರೈತರ ಹೆಸರು, ಊರು, ಬಾಕ್ಸ್, ತೂಕ, ಚೇಂಬರ್ ಎಲ್ಲವನ್ನೂ ಒಂದೊಂದಾಗಿ ದಾಟಿಸುತ್ತಿದ್ದೆ. ಒಂದು ಕಾಲಂ ಹೆಚ್ಚಾದರೆ ಆಪನ್ನೂ ತಿದ್ದಬೇಕು, ಫ್ಲೋವನ್ನೂ ತಿದ್ದಬೇಕು, ಆಮೇಲೆ ಆಪ್‌ನೊಳಗೆ ಫ್ಲೋವನ್ನು ರಿಫ್ರೆಶ್ ಮಾಡಬೇಕು. ಲಿಸ್ಟ್ ಪ್ರತಿ ಸಾಲಿಗೂ ತಾನೇ ಒಂದು ಬೇರೆ ನಂಬರ್ ಕೊಡುತ್ತದೆ, ಅದೇ ಐಡಿ. ಈಗ ಆ ಸಾಲಿನ ಐಡಿ ಸಂಖ್ಯೆ ಒಂದನ್ನೇ ಕೊಡುತ್ತೇನೆ. ಉಳಿದದ್ದನ್ನು ಫ್ಲೋ ತಾನೇ ಲಿಸ್ಟ್‌ನಲ್ಲಿ ಓದಿಕೊಳ್ಳುತ್ತದೆ. ಪಾವತಿಯಲ್ಲಿ ಬರುವುದು ಫೋನಿನಲ್ಲಿ ತೋರಿದ ಅಂಕಿ ಅಲ್ಲ, ರಜಿಸ್ಟರ್‌ನಲ್ಲಿ ನಿಜವಾಗಿ ಕೂತ ಅಂಕಿ. ಇದು ಇನ್ನೂ ದೊಡ್ಡ ಲಾಭ.

ಪಾವತಿ ನಂಬರಿಗೂ ಅದೇ ಐಡಿ. ‘ಇರುವುದರಲ್ಲಿ ದೊಡ್ಡ ನಂಬರ್ ಹುಡುಕಿ ಒಂದು ಕೂಡಿಸು’ ಅಂತ ಮಾಡಿದರೆ, ಎರಡು ಗೇಟಿನಲ್ಲಿ ಒಂದೇ ಹೊತ್ತಿಗೆ ಒತ್ತಿದಾಗ ಇಬ್ಬರಿಗೂ ಒಂದೇ ನಂಬರ್ ಸಿಗುವ ಅಪಾಯ ಇದೆ.

ಇನ್ನು ಬಟನ್ ಇದ್ದಲ್ಲಿ ಎರಡು ಸಲ ಒತ್ತುವವರು ಇದ್ದೇ ಇರುತ್ತಾರೆ. ಲಿಂಕ್ ಬರಲು ಐದಾರು ಸೆಕೆಂಡ್ ಆದರೂ ಗದ್ದಲದಲ್ಲಿ ಅದೇ ಜಾಸ್ತಿ ಅನ್ನಿಸುತ್ತದೆ. ಹುಡುಗ ಮತ್ತೆ ಒತ್ತುತ್ತಾನೆ, ಒಂದೇ ಮಾಲಿಗೆ ಎರಡು ಪಾವತಿ. ಒಮ್ಮೆ ಒತ್ತಿದ ಮೇಲೆ ಉತ್ತರ ಬರುವ ತನಕ ಬಟನ್ ಮಂಕಾಗುವಂತೆ ಮಾಡಿ. ಅದೊಂದೇ ಸಾಲದು, ಫ್ಲೋದೊಳಗೂ ‘ಈ ಐಡಿಗೆ ಪಾವತಿ ಆಗಲೇ ಇದೆಯಾ’ ಅಂತ ನೋಡಿಸಿ. ಇದ್ದರೆ ಹಳೆಯದರ ಲಿಂಕನ್ನೇ ಕೊಡಲಿ. ಎಷ್ಟು ಸಲ ಕೂಗಿದರೂ ಪಾವತಿ ಒಂದೇ.

ಯಾರ ಹೆಸರಿನಲ್ಲಿ ಓಡುತ್ತದೆ ಅನ್ನುವುದೂ ತಲೆ ತಿನ್ನುತ್ತದೆ. ನನ್ನ ಫೋನಿನಲ್ಲಿ ಪಾವತಿ ಚೆನ್ನಾಗಿ ಬರುತ್ತಿತ್ತು, ಗೇಟಿನ ಹುಡುಗನ ಫೋನಿನಲ್ಲಿ ಬರುತ್ತಿರಲಿಲ್ಲ. ಬಟನ್‌ನಿಂದ ಏಳುವ ಫ್ಲೋ ಒತ್ತಿದವರ ಕನೆಕ್ಷನ್ (ಅವರ ಖಾತೆಯ ಲಾಗಿನ್) ಬಳಸುವಂತೆಯೂ ಇಡಬಹುದು, ಫ್ಲೋ ಮಾಲೀಕರ ಕನೆಕ್ಷನ್ ಬಳಸುವಂತೆಯೂ ಇಡಬಹುದು. ನನ್ನದು ಮೊದಲನೆಯ ರೀತಿ ಇತ್ತು. ಹುಡುಗನಿಗೆ ಆ ಫೋಲ್ಡರ್‌ಗೆ ಪ್ರವೇಶವೇ ಇರಲಿಲ್ಲ. ಬೇರೆಯವರ ಫೋನಿನಲ್ಲಿ ಒತ್ತಿ ನೋಡದೆ ‘ಆಯ್ತ್ರಿ, ನಡೀತದ’ ಅನ್ನಬೇಡಿ.

ಗೋಡೆಗಳ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಕೋಲ್ಡ್ ಸ್ಟೋರೇಜ್‌ನ ಚೇಂಬರ್ ಒಳಗೆ ಫೋನಿಗೆ ನೆಟ್‌ವರ್ಕ್ ಸಿಗುವುದು ಕಷ್ಟ. ನೆಟ್ ಇಲ್ಲದೆ ಫ್ಲೋವನ್ನು ಕರೆಯಲು ಬರುವುದಿಲ್ಲ. ಒಳಗೆ ಮಾಡುವ ಎಣಿಕೆಯನ್ನು ಫೋನಿನಲ್ಲೇ ಇಟ್ಟುಕೊಂಡು, ಹೊರಗೆ ಬಂದಾಗ ಲಿಸ್ಟ್‌ಗೆ ಬರೆಯುವಂತೆ ಮಾಡಿದ್ದೇನೆ. ಬರೆದರೆ ಸಾಕು, ರಜಿಸ್ಟರ್ ನೋಡುವವನು ಮುಂದಿನದನ್ನು ನೋಡಿಕೊಳ್ಳುತ್ತಾನೆ.

ಸಾವಕಾರರು ಶ್ರೀಶೈಲಕ್ಕೆ ಹೋದಾಗ

ಮಾಲು ಹೊರಗೆ ಬಿಡುವುದು ಒಳಗೆ ತೆಗೆದುಕೊಂಡಷ್ಟು ಸುಲಭ ಅಲ್ಲ. ಮಹಾರಾಷ್ಟ್ರದ ತಾಸಗಾಂವ್ ಮಾರುಕಟ್ಟೆಗೆ ಒಯ್ಯಬೇಕು ಅಂತ ರೈತರು ಬರುತ್ತಾರೆ. ಆ ಮಾಲಿನ ಮೇಲೆ ಬ್ಯಾಂಕಿನ ಅಡಮಾನ ಸಾಲ ಇರಬಹುದು, ಬಾಡಿಗೆ ಬಾಕಿ ಇರಬಹುದು. ಸಾವಕಾರರು ಹೂಂ ಅನ್ನದೆ ಗೇಟ್ ಪಾಸ್ ಇಲ್ಲ.

ಇದು ಎರಡು ಹಂತದ ಕೆಲಸ. ಕೇಳುವುದು ಬಟನ್‌ನಿಂದ, ಒಪ್ಪಿಗೆ ಬರುವುದು ಯಾವಾಗಲೋ. ನಾನು ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿ, ಒಪ್ಪಿಗೆ ಬಂದ ಮೇಲೆ ಆಪ್‌ಗೆ ಉತ್ತರ ಕೊಡು ಅಂತ ಫ್ಲೋಗೆ ಹೇಳಿದ್ದೆ. ಆಪ್ ಅಷ್ಟು ಹೊತ್ತು ಕಾಯುವುದಿಲ್ಲ. 2 ನಿಮಿಷದೊಳಗೆ ಉತ್ತರ ಬರದಿದ್ದರೆ ಅದರ ಪಾಲಿಗೆ ಕೆಲಸ ಕೆಟ್ಟ ಹಾಗೆ. ಸಾವಕಾರರು ಊಟಕ್ಕೆ ಕೂತಿದ್ದರೂ ಎರಡು ನಿಮಿಷ ದಾಟುತ್ತದೆ. ಸರಿಯಾದ ಕ್ರಮ ಹೀಗೆ: ಫ್ಲೋ ಎದ್ದ ತಕ್ಷಣ ‘ನಿಮ್ಮ ಅರ್ಜಿ ತಲುಪಿತು’ ಅಂತ ಆಪ್‌ಗೆ ಉತ್ತರ ಕೊಟ್ಟುಬಿಡಬೇಕು. ಆಮೇಲೆ ನಿಧಾನವಾಗಿ ಒಪ್ಪಿಗೆ ಕೇಳಿ ಕಾಯಬೇಕು. ಒಪ್ಪಿಗೆ ಬಂದಾಗ ಲಿಸ್ಟ್‌ನ ಸಾಲಿನಲ್ಲಿ ‘ಬಿಡಬಹುದು’ ಅಂತ ಬರೆಯಬೇಕು. ಆಪ್ ಆ ಸಾಲನ್ನು ನೋಡಿ ಬಣ್ಣ ಬದಲಿಸುತ್ತದೆ.

ಕಾಯುವುದಕ್ಕೂ ಮಿತಿ ಇದೆ. ಒಂದು ಫ್ಲೋ ಒಂದು ಸಲ ಎದ್ದರೆ ಹೆಚ್ಚೆಂದರೆ 30 ದಿನ. ಯುಗಾದಿ ಹೊತ್ತಿಗೆ ಸಾವಕಾರರು ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಅಲ್ಲಿ ಅವರು ಫೋನ್ ನೋಡುವುದೂ ಅಷ್ಟಕ್ಕಷ್ಟೇ. ಹಾಗಾಗಿ ಎರಡು ದಿನ ಉತ್ತರ ಇಲ್ಲದಿದ್ದರೆ ಅವರ ತಮ್ಮನಿಗೆ ಕೇಳು ಅಂತ ಇನ್ನೊಂದು ದಾರಿ ಇಟ್ಟಿದ್ದೇನೆ. ತಮ್ಮ ಸ್ವಲ್ಪ ಬಿಗಿ ಮನುಷ್ಯ. ರೈತರು ಅಣ್ಣ ವಾಪಸ್ ಬರಲಿ ಅಂತಲೇ ಕಾಯುತ್ತಾರೆ ಅನ್ನುವುದು ಬೇರೆ ಮಾತು.

ಒಂದು ದಿನ ಹಿಂದೆ ಓಡುವ ಗಡಿಯಾರ

ಏಪ್ರಿಲ್ 1ರ ಬೆಳಗಿನ ಜಾವ 4 ಗಂಟೆಗೆ ಒಂದು ಗಾಡಿ ಬಂತು. ಬಿಸಿಲು ತಪ್ಪಿಸಲು ರಾತ್ರಿಯೇ ಹೊರಟಿದ್ದರು. ಪಾವತಿಯ ಮೇಲೆ ಬಿದ್ದ ತಾರೀಖು ಮಾರ್ಚ್ 31. ಫ್ಲೋ ತನ್ನಷ್ಟಕ್ಕೆ ಬಳಸುವುದು ಯುಟಿಸಿ ಅನ್ನುವ ಜಾಗತಿಕ ಪ್ರಮಾಣ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಇಲ್ಲಿ ಬೆಳಗಿನ 4 ಆದಾಗ ಅಲ್ಲಿ ಹಿಂದಿನ ದಿನದ ರಾತ್ರಿ 10:30. ಅಂದರೆ ಬೆಳಗಿನ ಐದೂವರೆಯ ಒಳಗೆ ಬಂದ ಗಾಡಿಗಳಿಗೆಲ್ಲ ಹಿಂದಿನ ದಿನದ ಪಾವತಿ. ಬೇರೆ ದಿನವಾಗಿದ್ದರೆ ಯಾರೂ ಗಮನಿಸುತ್ತಿರಲಿಲ್ಲವೇನೋ. ಆದರೆ ಅವತ್ತು ಒಂದು ಇಡೀ ಗಾಡಿ ಹಳೇ ಹಣಕಾಸು ವರ್ಷಕ್ಕೆ ಹೋಗಿ ಕೂತಿತ್ತು. ಸಮಯವನ್ನು ಭಾರತದ ಸಮಯಕ್ಕೆ ಬದಲಿಸುವ ಒಂದು ಹೆಜ್ಜೆ ಫ್ಲೋದಲ್ಲೇ ಸಿಗುತ್ತದೆ. ಮೊದಲ ದಿನವೇ ಹಾಕಿಕೊಳ್ಳಿ.

ಕೆಟ್ಟದ್ದು ಗೊತ್ತಾಗುವುದು ಹೇಗೆ ಅನ್ನುವುದನ್ನೂ ಮೊದಲೇ ಯೋಚಿಸಬೇಕು. ರಜಿಸ್ಟರ್ ನೋಡಿ ಏಳುವ ಫ್ಲೋ ಎಡವಿ ಬಿದ್ದರೆ ಆಪ್‌ನ ಪರದೆಯ ಮೇಲೆ ಏನೂ ಕಾಣುವುದಿಲ್ಲ. ಪ್ರತಿ ಹೆಜ್ಜೆಗೂ ‘ಹಿಂದಿನದು ಕೆಟ್ಟರೆ ಮಾತ್ರ ಓಡು’ ಅಂತ ಹೇಳಲು ಬರುತ್ತದೆ. ಅಂಥ ಒಂದು ಹೆಜ್ಜೆ ಕೊನೆಗೆ ಇಟ್ಟು, ಯಾವ ಸಾಲು, ಯಾವ ರೈತರು ಅಂತ ದಿವಾಣಜಿಗೆ ಮೇಲ್ ಹೋಗುವಂತೆ ಮಾಡಿದ್ದೇನೆ. ಯಾವಾಗ ಓಡಿತು, ಎಲ್ಲಿ ನಿಂತಿತು ಅನ್ನುವ ದಾಖಲೆ ಪವರ್ ಆಟೊಮೇಟ್‌ನಲ್ಲಿ ಇರುತ್ತದೆ, ಆದರೆ 28 ದಿನ ಮಾತ್ರ. ಎರಡು ತಿಂಗಳ ಮೇಲೆ ಯಾರಾದರೂ ಜಗಳಕ್ಕೆ ಬಂದರೆ ತೋರಿಸಲು ಅದು ಇರುವುದಿಲ್ಲ.

ಬೇರೆ ಕಂಪನಿಯ ಸಾಮಾನು ಬಳಸುವವರಿಗೂ ಈ ಲೆಕ್ಕ ಬಹುಪಾಲು ಹೊಂದುತ್ತದೆ. 2020ರಲ್ಲಿ ಗೂಗಲ್ ಕೊಂಡುಕೊಂಡ ಆಪ್‌ಶೀಟ್‌ನಲ್ಲಿ ಫ್ಲೋ ಬದಲು ಬಾಟ್ ಅಂತಾರೆ, ಟ್ರಿಗರ್ ಬದಲು ಈವೆಂಟ್. ಝೋಹೋ ಕ್ರಿಯೇಟರ್‌ನಲ್ಲಿ ಫಾರ್ಮ್ ಸಲ್ಲಿಸಿದ ಮೇಲೆ ಡೆಲ್ಯೂಜ್ ಅನ್ನುವ ಅವರದೇ ಭಾಷೆಯಲ್ಲಿ ಬರೆದ ಕೆಲಸ ಓಡುತ್ತದೆ. ಕೂಗುವುದೋ ರಜಿಸ್ಟರ್ ನೋಡುವುದೋ ಅನ್ನುವ ಪ್ರಶ್ನೆ ಅಲ್ಲೂ ಬರುತ್ತದೆ.

ನಮ್ಮ ಕಡೆಯ ಸೀಸನ್ ವ್ಯವಹಾರಕ್ಕೆ ಮಾತ್ರ ಇನ್ನೊಂದು ಪೆಟ್ಟು ಇದೆ. ಪ್ರೀಮಿಯಂ ಇಲ್ಲದ ಸಾಮಾನ್ಯ ಮೈಕ್ರೋಸಾಫ್ಟ್ 365 ಲೈಸೆನ್ಸ್‌ನ ಮೇಲೆ ಇರುವ ಫ್ಲೋ 90 ದಿನ ಏಳದೇ ಇದ್ದರೆ ಅದನ್ನು ಬಂದ್ ಮಾಡಲಾಗುತ್ತದೆ. ಮೆಸೇಜ್ ಫ್ಲೋಗೆ ಪ್ರೀಮಿಯಂ ಇತ್ತು, ಉಳಿಯಿತು. ಪಾವತಿ ಫ್ಲೋಗೆ ಇರಲಿಲ್ಲ. ಮೇ ತಿಂಗಳಲ್ಲಿ ಕೊನೆಯ ಗಾಡಿ ಬಂದ ಮೇಲೆ ಮುಂದಿನ ಮಾರ್ಚ್‌ವರೆಗೆ ಅದಕ್ಕೆ ಕೆಲಸವೇ ಇಲ್ಲ. ಫ್ಲೋ ಮಾಲೀಕರ ಖಾತೆಗೆ ಸೂಚನೆಯ ಮೇಲ್ ಬಂದಿತ್ತು. ಆ ಖಾತೆ ಕೆಲಸ ಬಿಟ್ಟುಹೋದ ಕಂಪ್ಯೂಟರ್ ಆಪರೇಟರ್ ಹೆಸರಿನಲ್ಲಿತ್ತು, ಯಾರೂ ನೋಡಲಿಲ್ಲ. ಹೊಸ ಸೀಸನ್‌ನ ಮೊದಲ ಗಾಡಿಗೆ ಕೈಬರಹದ ಪಾವತಿ ಕೊಡಬೇಕಾಯಿತು.

ಈಗ ಫ್ಲೋಗಳೆಲ್ಲ ಸಂಸ್ಥೆಯದೇ ಒಂದು ಖಾತೆಯಲ್ಲಿವೆ. ಎರಡು ತಿಂಗಳಿಗೊಮ್ಮೆ ನಾನು ನನ್ನ ಹೆಸರಿನಲ್ಲಿ ಒಂದು ಬಾಕ್ಸ್ ಒಳಗೆ ಬಂದಂತೆ ಬರೆದು, ಪಾವತಿ ತೆಗೆದು, ಮೆಸೇಜ್ ಬಂತಾ ಅಂತ ನೋಡಿ, ಆ ಸಾಲನ್ನು ಅಳಿಸುತ್ತೇನೆ. ಹೋದ ಸಲ ಅಳಿಸುವುದು ಮರೆತಿದ್ದೆ. ಮರುದಿನ ಬೆಳಿಗ್ಗೆಯೇ ದಿವಾಣಜಿ ಫೋನ್ ಮಾಡಿದರು: “ಸರ್ರ, ನಿಮ್ಮದೊಂದು ಬಾಕ್ಸ್ ಐತಿ ಅಂತ ತೋರಸ್ತದ. ಎಲ್ಲಾ ಚೇಂಬರ್ ಹುಡುಕೀವ್ರಿ, ಸಿಗವಲ್ದು.”